ಲಿಥಿಯಂ ಬ್ಯಾಟರಿ: ಖಾಲಿ ಮಾಡುವುದಕ್ಕೂ ಒಂದು ಕ್ರಮ



ಸಿಂಧನೂರಿನ ಭತ್ತದ ಗದ್ದೆಯಾಗಲಿ, ಮಸ್ಕಿ, ಲಿಂಗಸುಗೂರುಗಳ ಹೊಲವಾಗಲಿ, ಬೆನ್ನಿಗೆ ಹಾಕಿಕೊಂಡು ಔಷಧ ಹೊಡೆಯುವ ಬ್ಯಾಟರಿ ಪಂಪನ್ನು ನೀವು ನೋಡಿರುತ್ತೀರಿ. ಕೆಲವು ಪಂಪುಗಳಲ್ಲಿ ಸೀಸ-ಆಮ್ಲದ ಬ್ಯಾಟರಿ, ಕೆಲವುಗಳಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಇರುತ್ತದೆ. ಲಿಥಿಯಂ ಬ್ಯಾಟರಿ ಹಳತಾದಾಗ ಅದರಲ್ಲಿ ಉಳಿದ ವಿದ್ಯುತ್ತನ್ನು ಏಕೆ ಇಳಿಸಬೇಕು? ಹೇಗೆ ಇಳಿಸಬೇಕು?

ಈ ಬ್ಯಾಟರಿಯ ಕೋಶಗಳೊಳಗೆ ಉರಿಯುವ ಗುಣದ ದ್ರವವಿದೆ. ಕೋಶವನ್ನು ಜಜ್ಜಿದರೆ, ಅಥವಾ ಎರಡು ತುದಿಗಳಿಗೆ ತಂತಿ ತಾಗಿ ಶಾರ್ಟ್ ಆದರೆ, ಶಕ್ತಿ ಒಮ್ಮೆಗೇ ಶಾಖವಾಗಿ ಪಕ್ಕದ ಕೋಶಗಳಿಗೂ ಹರಡುತ್ತದೆ. ಚಾರ್ಜ್ ಹೆಚ್ಚಿದ್ದಷ್ಟೂ ಬೆಂಕಿ ಉಗ್ರ. ಆದ್ದರಿಂದಲೇ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ವಿಮಾನದಲ್ಲಿ ಸರಕಾಗಿ ಸಾಗಿಸುವಾಗ ಚಾರ್ಜ್ ಶೇ. 30 ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮ 2016ರಲ್ಲಿ ಬಂದಿತು.

ಒಂದು ಲೆಕ್ಕ ನೋಡಿ. 3.7 ವೋಲ್ಟಿನ ಮೂರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 11.1 ವೋಲ್ಟ್. ಸಾಮರ್ಥ್ಯ 8 ಆಂಪಿಯರ್-ಗಂಟೆ ಎಂದರೆ ಶಕ್ತಿ ಸುಮಾರು 89 ವ್ಯಾಟ್-ಗಂಟೆ. ಇದು ವಾಹನದ 21 ವ್ಯಾಟಿನ ಬಲ್ಬನ್ನು ನಾಲ್ಕು ಗಂಟೆಗೂ ಹೆಚ್ಚು ಕಾಲ ಉರಿಸಬಲ್ಲದು. ನಿಧಾನವಾಗಿ ಹೊರಬಂದರೆ ಬೆಳಕು. ಕ್ಷಣಗಳಲ್ಲಿ ಹೊರಬಂದರೆ ಬೆಂಕಿ.

ಸುಲಭೋಪಾಯವೆಂದರೆ, ತೊಳೆದ ಪಂಪಿಗೆ ಬರಿಯ ನೀರು ತುಂಬಿ ಅದು ತಾನಾಗಿ ನಿಲ್ಲುವವರೆಗೆ ಓಡಿಸುವುದು. ಬ್ಯಾಟರಿಯೊಳಗಿನ ರಕ್ಷಣಾ ಮಂಡಲ ತಕ್ಕ ಹಂತದಲ್ಲಿ ವಿದ್ಯುತ್ತನ್ನು ಕಡಿದುಹಾಕುತ್ತದೆ. ಆ ಮಂಡಲವನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸಬೇಡಿ. ಕೋಶದ ವೋಲ್ಟೇಜು ತೀರಾ ಇಳಿದರೆ ಒಳಗಿನ ತಾಮ್ರ ಕರಗುತ್ತದೆ. ಅಂಥದನ್ನು ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಬಹುದು.

ಉಪ್ಪುನೀರಿನಲ್ಲಿ ಮುಳುಗಿಸುವುದೂ ಸಲ್ಲದು. ತುದಿಗಳು ತುಕ್ಕು ಹಿಡಿದು ಸಂಪರ್ಕ ಕಡಿಯಬಹುದು. ಬ್ಯಾಟರಿ ಸತ್ತಂತೆ ಕಂಡರೂ ಚಾರ್ಜ್ ಒಳಗೇ ಉಳಿದಿರುತ್ತದೆ. ಜೊತೆಗೆ ಜಲಜನಕ, ಕ್ಲೋರಿನ್ ಅನಿಲಗಳು ಹೊರಡುತ್ತವೆ.

ಉಬ್ಬಿದ, ಸೋರುವ ಅಥವಾ ಬಿಸಿಯಾದ ಬ್ಯಾಟರಿಯನ್ನು ಖಾಲಿ ಮಾಡಲು ಹೋಗಬೇಡಿ. ಹೊಗೆ ಬರುತ್ತಿದ್ದರೆ ಮುಟ್ಟದೆ ದೂರ ಸರಿಯಿರಿ. ಹುಲ್ಲಿನ ಬಣವೆಯ ಬಳಿ, ಹತ್ತಿಯ ರಾಶಿಯ ಪಕ್ಕದಲ್ಲಿ, ನಮ್ಮ ಜಿಲ್ಲೆಯ 40 ಡಿಗ್ರಿ ಬಿಸಿಲಿನಲ್ಲಿ ಯಾವ ಬ್ಯಾಟರಿಯನ್ನೂ ಇಡಬೇಡಿ.

ಇಳಿಸಿದ ನಂತರ ತುದಿಗಳಿಗೆ ಇನ್ಸುಲೇಷನ್ ಟೇಪು ಸುತ್ತಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಬೆರೆಸುವಂತಿಲ್ಲ. ಅದನ್ನು ಸಂಗ್ರಹಿಸುವ ಹೊಣೆ ತಯಾರಕರದು. ಕೊಂಡ ಅಂಗಡಿಯಲ್ಲಿ ವಿಚಾರಿಸಿ. ಗುಜರಿಯವನ ಸುತ್ತಿಗೆಗೆ ಮಾತ್ರ ಕೊಡಬೇಡಿ: ಚಾರ್ಜ್ ಇಳಿದರೂ ಉರಿಯುವ ದ್ರವ ಒಳಗೇ ಇರುತ್ತದೆ. ಇದನ್ನು ಮನೆಯ ಹಿರಿಯರಿಗೂ ತಿಳಿಸಿ.