ಗರಗಸದ ಬ್ಲೇಡು ಭದ್ರವಾಗಿ ಕೂರಬೇಕಾದರೆ: ಕೆತ್ತಿಯ ಸೂಜಿಯಿಂದ ಒಂದು ಪಾಠ



ಬದುವಿನ ಮರದ ಕೊಂಬೆ ಗದ್ದೆಗೆ ನೆರಳು ಮಾಡಿದರೆ ಕಬ್ಬು ಸೊರಗುತ್ತದೆ. ಟ್ರೇಲರಿನ ತುಕ್ಕು ಹಿಡಿದ ಬೋಲ್ಟು ಸ್ಪ್ಯಾನರಿಗೆ ಬಗ್ಗುವುದಿಲ್ಲ. ಪಂಪ್‌ಸೆಟ್ಟಿನ ಪೈಪನ್ನು ಅಳತೆಗೆ ಕತ್ತರಿಸಬೇಕಾಗುತ್ತದೆ. ಇಂಥ ಕೆಲಸಗಳಿಗೆ ಈಗ ಕೈಗರಗಸದ ಬದಲು, ಕರೆಂಟಿನಿಂದಲೋ ಬ್ಯಾಟರಿಯಿಂದಲೋ ಹಿಂದೆ-ಮುಂದೆ ಆಡುವ ಗರಗಸ ಬಂದಿದೆ. ಅಂಗಡಿಯವರು ಇದನ್ನು 'ರೆಸಿಪ್ರೊಕೇಟಿಂಗ್ ಸಾ' ಎನ್ನುತ್ತಾರೆ. ಮರಕ್ಕೊಂದು, ಕಬ್ಬಿಣಕ್ಕೊಂದು ಬ್ಲೇಡು ಬದಲಿಸಿ ಒಂದೇ ಯಂತ್ರದಲ್ಲಿ ಎಲ್ಲವನ್ನೂ ಕೊಯ್ಯಬಹುದೆಂಬುದೇ ಇದರ ಅನುಕೂಲ. ಆದರೆ ಬದಲಿಸಬಹುದಾದ ಬ್ಲೇಡು, ಸರಿಯಾಗಿ ಕೂರಿಸದಿದ್ದರೆ ಕಳಚಿಯೂ ಬೀಳಬಹುದು. ಓಡುತ್ತಿರುವಾಗ ಕಳಚಿದ ಬ್ಲೇಡಿನಿಂದ ಕಣ್ಣಿಗೂ ಕೈಗೂ ಅಪಾಯ. ಆದ್ದರಿಂದ ಅದನ್ನು ಕೂರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸೂಜಿಯ ಜಾಗದಲ್ಲಿ ಗರಗಸ

ಕೂನೂರಿನಿಂದ ಊಟಿಗೆ ಪುಟ್ಟ ರೈಲಿನಲ್ಲಿ ಹೋದವರಿಗೆ ನಡುವೆ ಸಿಗುವ ಕೆತ್ತಿ ನಿಲ್ದಾಣ ಗೊತ್ತಿರುತ್ತದೆ. ಬಡಗರ ಹಟ್ಟಿಗಳು, ಮೆಟ್ಟಿಲು ಮೆಟ್ಟಿಲಾದ ತರಕಾರಿ ಹೊಲಗಳು, ಟೀ ತೋಟಗಳಿರುವ ಕಣಿವೆ ಅದು. 1949ರಲ್ಲಿ ಸ್ಥಾಪನೆಯಾದ ನೀಡಲ್ ಇಂಡಸ್ಟ್ರೀಸ್ ಕಂಪನಿಯ ಸೂಜಿ ಕಾರ್ಖಾನೆ ಇರುವುದು ಈ ಕೆತ್ತಿಯಲ್ಲೇ. ಸೂಜಿಗೂ ಗರಗಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ.

1946ರಲ್ಲಿ ಸ್ವಿಟ್ಜರ್ಲೆಂಡಿನ ಸೊಲೊಥರ್ನ್ ಊರಿನ ಸಿಂಟಿಲಾ ಕಂಪನಿಯ ಎಂಜಿನಿಯರ್ ಆಲ್ಬರ್ಟ್ ಕೌಫ್‌ಮನ್ ಎಂಬವರು ಹೊಲಿಗೆ ಯಂತ್ರದ ಸೂಜಿಯನ್ನು ತೆಗೆದು, ಅದರ ಜಾಗದಲ್ಲಿ ಗರಗಸದ ಬ್ಲೇಡನ್ನು ಸಿಕ್ಕಿಸಿ ನೋಡಿದರು. ಕೈಯಲ್ಲಿ ಹಿಡಿಯುವ ಸಣ್ಣ 'ಜಿಗ್ ಸಾ' ಹುಟ್ಟಿದ್ದು ಹಾಗೆ. ಮರುವರ್ಷ ಅದು ಮಾರಾಟಕ್ಕೆ ಬಂತು. 1951ರಲ್ಲಿ ಅಮೆರಿಕದ ಮಿಲ್ವಾಕೀ ಕಂಪನಿ ಒರಟು ಕೆಲಸಕ್ಕೆ ಒದಗುವ, ಉದ್ದ ಬ್ಲೇಡಿನ ದೊಡ್ಡ ಗರಗಸವನ್ನು ಹೊರತಂದಿತು.

ನಿಮ್ಮ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಸೂಜಿ ಹಾಕುವುದನ್ನು ಗಮನಿಸಿ. ಸೂಜಿಯ ಬುಡದ ಚಪ್ಪಟೆ ಭಾಗವನ್ನು ಸರಿಯಾದ ಕಡೆಗೆ ತಿರುಗಿಸುತ್ತಾರೆ. ತಡೆ ಸಿಗುವವರೆಗೂ ಮೇಲಕ್ಕೆ ತಳ್ಳುತ್ತಾರೆ. ಆಮೇಲೆ ಸ್ಕ್ರೂ ಬಿಗಿಯುತ್ತಾರೆ. ಅರ್ಧಕ್ಕೆ ನಿಂತ ಸೂಜಿ ಹೊಲಿಗೆ ತಪ್ಪಿಸುತ್ತದೆ, ಇಲ್ಲವೇ ಮುರಿಯುತ್ತದೆ. ಸರಿಯಾದ ಬುಡ, ಪೂರ್ತಿ ಒಳಗೆ, ಆಮೇಲೆ ಬಿಗಿ: ಗರಗಸಕ್ಕೂ ಈ ಮೂರೇ ಸೂತ್ರ.

ಬ್ಲೇಡನ್ನು ಹಿಡಿದಿಡುವುದು ಯಾವುದು?

ಬ್ಲೇಡಿನ ಬುಡದಲ್ಲಿ ಒಂದು ತೂತು ಇರುತ್ತದೆ. ಯಂತ್ರದ ಹಿಡಿಯೊಳಗೆ ಒಂದು ಗಟ್ಟಿ ಪಿನ್ನು ಇರುತ್ತದೆ. ಪಿನ್ನು ತೂತಿನಲ್ಲಿ ಕೂತಾಗ ಬ್ಲೇಡು ಹೊರಗೆ ಬರಲಾರದು. ಸ್ಕ್ರೂ ಅಥವಾ ಸ್ಪ್ರಿಂಗಿನ ಕೆಲಸ ಬ್ಲೇಡು ಅಲುಗಾಡದಂತೆ ಅದುಮಿ ಹಿಡಿಯುವುದು. ಎಳೆತವನ್ನು ತಡೆಯುವುದು ಪಿನ್ನು, ಅಲುಗಾಟವನ್ನು ತಡೆಯುವುದು ಬಿಗಿತ. ಪಿನ್ನು ತೂತಿಗೆ ಸೇರದಿದ್ದರೆ ಎಷ್ಟು ಬಿಗಿದರೂ ಬ್ಲೇಡು ನಿಲ್ಲುವುದು ಬರೀ ಉಜ್ಜಾಟದ ಬಲದ ಮೇಲೆ.

ಆ ಎಳೆತ ಎಷ್ಟೆಂದು ಲೆಕ್ಕ ಹಾಕೋಣ. ದೊಡ್ಡ ಗರಗಸವೊಂದು ನಿಮಿಷಕ್ಕೆ 3000 ಸಲ, ಅಂದರೆ ಸೆಕೆಂಡಿಗೆ 50 ಸಲ ಆಡುತ್ತದೆ ಎನ್ನಿ. ಒಂದು ಸಲಕ್ಕೆ 28 ಮಿಲಿಮೀಟರ್ ಸರಿಯುತ್ತದೆ. ಆಗ ಕೇವಲ 50 ಗ್ರಾಂ ತೂಕದ ಬ್ಲೇಡು, ಮುಂದೆ ಹೋಗಿ ಹಿಂದಕ್ಕೆ ತಿರುಗುವ ಪ್ರತಿ ಸಲವೂ ಹಿಡಿಯನ್ನು ಸುಮಾರು 7 ಕಿಲೋ ಭಾರದಷ್ಟು ಹೊರಕ್ಕೆ ಎಳೆಯುತ್ತದೆ. ಇದು ಏನನ್ನೂ ಕೊಯ್ಯದೆ ಖಾಲಿ ಓಡುವಾಗಿನ ಲೆಕ್ಕ. ಸಾಮಾನ್ಯವಾಗಿ ಬ್ಲೇಡಿನ ಹಲ್ಲುಗಳು ಯಂತ್ರದ ಕಡೆಗೆ ಬಾಗಿರುತ್ತವೆ. ಆದ್ದರಿಂದ ಕೊಯ್ಯುವುದು ಹಿಂದಕ್ಕೆ ಎಳೆಯುವಾಗ. ಹಸಿ ಮರ ಬ್ಲೇಡನ್ನು ಕಚ್ಚಿ ಹಿಡಿದರೆ ಎಳೆತ ಇನ್ನೂ ಎಷ್ಟೋ ಪಾಲು ಹೆಚ್ಚುತ್ತದೆ.

ಕೂರಿಸುವ ಕ್ರಮ

1. ಮೊದಲು ಬ್ಯಾಟರಿ ಕಳಚಿ, ಇಲ್ಲವೇ ಪ್ಲಗ್ಗು ಕೀಳಿ. ಸ್ವಿಚ್ಚು ಆರಿಸಿದರೆ ಸಾಲದು. ಬೆರಳು ತಾಗಿದರೆ ಯಂತ್ರ ಹೊರಟುಬಿಡುತ್ತದೆ.

2. ಹಿಡಿಯ ಬಾಯಿಯನ್ನು ಗಟ್ಟಿ ಕೂದಲಿನ ಬ್ರಷ್ಷಿನಿಂದ ಶುಚಿ ಮಾಡಿ. ಹಲಸಿನ ಮೇಣ, ಬೇವಿನ ಅಂಟು, ಮರದ ಹೊಟ್ಟು, ಕಬ್ಬಿಣದ ಪುಡಿ ಒಳಗೆ ಕೂತರೆ ಬ್ಲೇಡು ತಳ ಮುಟ್ಟುವುದಿಲ್ಲ. ಗ್ರೀಸು ಬಳಿಯಬೇಡಿ, ಅದು ಧೂಳನ್ನು ಇನ್ನಷ್ಟು ಹಿಡಿದಿಡುತ್ತದೆ.

3. ಬುಡ ಹೊಂದುತ್ತದೆಯೇ ನೋಡಿ. ದೊಡ್ಡ ಗರಗಸಗಳಲ್ಲಿ ಸಾಮಾನ್ಯವಾಗಿ ಅರ್ಧ ಅಂಗುಲದ ಬುಡ. ಜಿಗ್ ಸಾ ಬ್ಲೇಡುಗಳಲ್ಲಿ ಎರಡು ಜಾತಿ: ಬುಡದಲ್ಲಿ ಎರಡು ಕಿವಿ ಇರುವುದು ಒಂದು, ಕಚ್ಚು ಇರುವುದು ಇನ್ನೊಂದು. ಒಂದರ ಹಿಡಿಗೆ ಇನ್ನೊಂದನ್ನು ಬಲವಂತವಾಗಿ ತುರುಕಬೇಡಿ.

4. ತಡೆ ಸಿಗುವವರೆಗೂ ಬ್ಲೇಡನ್ನು ಒಳಗೆ ತಳ್ಳಿ. ಸ್ಕ್ರೂ ಇರುವ ಯಂತ್ರವಾದರೆ ಪಿನ್ನು ತೂತಿಗೆ ಬಿದ್ದಿದೆಯೇ ನೋಡಿ, ಅಲೆನ್ ಕೀಯಿಂದ ಬಿಗಿಯಿರಿ. ತಿರುಗುವ ಬಳೆಯೋ ಸನ್ನೆಯೋ ಇರುವ ಯಂತ್ರವಾದರೆ, ಕೈಬಿಟ್ಟಾಗ ಅದು ತಾನಾಗಿ ಮೂಲಸ್ಥಾನಕ್ಕೆ ಪೂರ್ತಿ ಮರಳಬೇಕು. ಅರ್ಧಕ್ಕೆ ನಿಂತರೆ ಬೀಗ ಬಿದ್ದಿಲ್ಲವೆಂದೇ ತಿಳಿಯಿರಿ.

5. ಕೈಗವಸು ಹಾಕಿಕೊಂಡು ಬ್ಲೇಡನ್ನು ಗಟ್ಟಿಯಾಗಿ ಹೊರಕ್ಕೆ ಎಳೆದು ನೋಡಿ. ಹೊರಗೆ ಬಾರದಿದ್ದರೆ ಮಾತ್ರ ಬ್ಯಾಟರಿ ಹಾಕಿ. ಈ ಒಂದು ಎಳೆತವನ್ನು ಎಂದೂ ಮರೆಯಬೇಡಿ.

ಕೂತ ಬ್ಲೇಡೂ ಸಡಿಲವಾಗುವುದೇಕೆ?

ಗಿಡ್ಡ ಬ್ಲೇಡಿನಿಂದ ದಪ್ಪ ಕೊಂಬೆ ಕೊಯ್ಯಲು ಹೋದರೆ ತುದಿ ಮರದೊಳಗೇ ಗುದ್ದುತ್ತದೆ. ಆ ಪೆಟ್ಟು ನೇರವಾಗಿ ಪಿನ್ನಿಗೆ ಬೀಳುತ್ತದೆ. ಬ್ಲೇಡು ಹಿಂದೆ ಸರಿದಾಗಲೂ ಅದರ ತುದಿ ಕೊಂಬೆಯ ಆಚೆಗೆ ಇರುವಷ್ಟು ಉದ್ದ ಬೇಕು. ಯಂತ್ರದ ಮುಂದಿನ ಲೋಹದ ಶೂ ಕೊಂಬೆಗೆ ಒತ್ತಿಕೊಂಡಿರಬೇಕು. ಇಲ್ಲವಾದರೆ ಯಂತ್ರವೇ ಕುಣಿದು ಬ್ಲೇಡನ್ನು ಬಗ್ಗಿಸುತ್ತದೆ. ಹಲ್ಲನ್ನೂ ಕೆಲಸಕ್ಕೆ ತಕ್ಕಂತೆ ಆರಿಸಿ: ಹಸಿ ಮರಕ್ಕೆ ಅಂಗುಲಕ್ಕೆ 5 ಅಥವಾ 6 ಹಲ್ಲು, ಕಬ್ಬಿಣಕ್ಕೆ 14ರಿಂದ 24.

ಬ್ಲೇಡಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಆ ಬ್ಲೇಡು ಬಿಸಾಡಿ. ಪಿನ್ನು ಸವೆದಿದ್ದರೆ, ಸ್ಕ್ರೂವಿನ ತಲೆ ಉರುಟಾಗಿದ್ದರೆ ಹೊಸದನ್ನು ಹಾಕಿಸಿ. ತಗಡಿನ ಚೂರು ಸಿಕ್ಕಿಸುವುದು, ತಂತಿ ಸುತ್ತುವುದು, ವೆಲ್ಡಿಂಗ್ ಮಾಡಿಸುವುದು ಇವೆಲ್ಲ ಅಪಾಯವನ್ನು ಮುಂದೂಡುವ ಉಪಾಯಗಳಷ್ಟೆ. ಹಿಡಿಯೊಳಗೆ ಬ್ಲೇಡಿನ ತುಂಡು ಮುರಿದು ಉಳಿದರೆ, ಬೀಗ ಬಿಚ್ಚಿ ಯಂತ್ರವನ್ನು ಬಾಯಿ ಕೆಳಗೆ ಮಾಡಿ ಅಲುಗಾಡಿಸಿ. ಬೆರಳು ಹಾಕಬೇಡಿ. ಆಗ ತಾನೇ ಕೊಯ್ದ ಬ್ಲೇಡು ಸುಡುವಷ್ಟು ಬಿಸಿ ಇರುತ್ತದೆ ಎಂಬುದೂ ನೆನಪಿರಲಿ.

ಕಡೆಯದಾಗಿ ಒಂದು ಮಾತು. ಕಬ್ಬು ಕಡಿಯಲು ಈ ಗರಗಸ ಬೇಡ, ಅದಕ್ಕೆ ಮಚ್ಚೇ ಸರಿ. ಬೇರೆ ಕೆಲಸಕ್ಕೆ ಗರಗಸ ಎತ್ತಿಕೊಳ್ಳುವಾಗ ಕನ್ನಡಕ ಹಾಕಿಕೊಳ್ಳಿ. ಯಂತ್ರವನ್ನು ಆಳಿನ ಕೈಗೋ ಮಗನ ಕೈಗೋ ಕೊಡುವುದಾದರೆ ಬ್ಲೇಡು ಎಳೆದು ನೋಡುವುದನ್ನು ಮೊದಲು ಕಲಿಸಿ, ಆಮೇಲೆ ಯಂತ್ರ ಕೊಡಿ. ಸೂಜಿ ತಪ್ಪಿದರೆ ಬಟ್ಟೆ ಬಿಚ್ಚಿ ಮತ್ತೆ ಹೊಲಿಯಬಹುದು. ಬ್ಲೇಡು ಹಾರಿ ಕಣ್ಣು ಹೋದರೆ ಮತ್ತೆ ಬಾರದು.