ಸೌರಕೋಶದಲ್ಲಿ ಲೋಹಸಂಯೋಗ

ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯನ್ನು ವ್ಯಾಪಿಸಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ಸೌರಕೋಶಗಳನ್ನು ತಯಾರಿಸುವ ವಿದ್ಯೆಯೂ ನಮಗೆ ಹೊಸದಲ್ಲ. 1989ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಟಾಟಾ ಬಿ.ಪಿ. ಸೋಲಾರ್ ಸಂಸ್ಥೆಯು ಅವನ್ನು ತಯಾರಿಸುತ್ತಿದ್ದಿತು. ಆದರೆ ಈ ವಿದ್ಯೆಯನ್ನು ಕನ್ನಡದಲ್ಲಿ ಹೇಳಹೊರಟವರಿಗೆ ಮೊದಲಲ್ಲಿಯೇ ಒಂದು ತೊಡಕುಂಟು. ಸಿಲಿಕಾನಿನಿಂದ ವಿದ್ಯುತ್ತನ್ನು ಹೊರತರುವ ಲೋಹದ ಕೂಡುವಿಕೆಯನ್ನು ತಜ್ಞರು 'ಕಾಂಟ್ಯಾಕ್ಟ್' ಎನ್ನುವರು. ಇದನ್ನು 'ಸ್ಪರ್ಶ'ವೆಂದರೆ ಸಾಕೆ? ಪದಾರ್ಥವನ್ನು ತಿಳಿಯದೆ ಪದವನ್ನು ನಿಶ್ಚಯಿಸಲಾಗದು.

ಬಿಸಿಲು ಸಿಲಿಕಾನನ್ನು ಹೊಕ್ಕಾಗ ಅಲ್ಲಿ ವಿದ್ಯುತ್ಕಣಗಳು ಬಿಡುಗಡೆಯಾಗುವುವು. ಅವನ್ನು ಹೊರತರಲು ಲೋಹವು ಬೇಕು. ಆದರೆ ಲೋಹವಿರುವೆಡೆಯಲ್ಲಿ ಬಿಸಿಲು ಒಳಹೋಗದು. ಆದಕಾರಣ ಮುಮ್ಮುಖದಲ್ಲಿ ಕೂದಲೆಳೆಗಿಂತಲೂ ಸಣ್ಣದಾದ ಬೆಳ್ಳಿಯ ಗೆರೆಗಳನ್ನು ಎಳೆಯುವರು. ಗೆರೆ ದಪ್ಪವಾದರೆ ನೆರಳು ಹೆಚ್ಚು. ತೀರ ತೆಳುವಾದರೆ ವಿದ್ಯುತ್ತಿಗೆ ತಡೆ ಹೆಚ್ಚು.

ಬೆಳ್ಳಿಯ ಪುಡಿ, ಗಾಜಿನ ಪುಡಿ ಇವನ್ನು ಜಿಗುಟಾದ ದ್ರವದಲ್ಲಿ ಕಲಸಿ, ಜಾಲರಿಯ ಮೂಲಕ ಒತ್ತುವರು. ಬಟ್ಟೆಯ ಚೀಲಗಳ ಮೇಲೆ ಅಂಗಡಿಯ ಹೆಸರನ್ನು ಅಚ್ಚೊತ್ತುವ ಸ್ಕ್ರೀನ್ ಮುದ್ರಣದ ಕ್ರಮವೇ ಇದು. ಒಣಗಿದ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವೇ ಸೆಕೆಂಡುಗಳ ಕಾಲ ಸುಡುವರು. ಆಗ ಕರಗಿದ ಗಾಜು, ಬೆಳಕು ಹಿಂದಿರುಗದಂತೆ ಬಳಿದಿರುವ ಸಿಲಿಕಾನ್ ನೈಟ್ರೈಡಿನ ಪೊರೆಯನ್ನು ತಿಂದು ದಾರಿಮಾಡಲು, ಬೆಳ್ಳಿಯು ಸಿಲಿಕಾನಿನೊಡನೆ ಬೆಸೆಯುವುದು. ಶಾಖವು ಸಾಲದಿದ್ದರೆ ಗೆರೆಯು ಪೊರೆಯನ್ನು ಮುಟ್ಟಿಕೊಂಡಿದ್ದರೂ ವಿದ್ಯುತ್ತು ಸರಿಯಾಗಿ ದಾಟದು. ಮಿತಿಮೀರಿದರೆ ಬೆಳ್ಳಿಯು ಆಳಕ್ಕಿಳಿದು ಕೋಶವನ್ನೇ ಕೆಡಿಸುವುದು.

ಬಹುಕಾಲದಿಂದ ರೂಢಿಯಲ್ಲಿರುವ ಕೋಶಗಳ ಹಿಮ್ಮುಖದಲ್ಲಿ ಅಲ್ಯೂಮಿನಿಯಮನ್ನು ಬಳಿಯುವರು. ಅದು ಶಾಖದಲ್ಲಿ ಸಿಲಿಕಾನಿನೊಡನೆ ಕರಗಿ, ಆರುವಾಗ ತನ್ನ ಅಂಶವನ್ನು ಅದರಲ್ಲಿ ಉಳಿಸಿ, ವಿದ್ಯುತ್ಕಣಗಳು ಹಿಂಬದಿಯಲ್ಲಿ ನಷ್ಟವಾಗದಂತೆ ತಡೆಯುವ ಪದರವನ್ನುಂಟುಮಾಡುವುದು. ಬೆಳ್ಳಿಯು ದುಬಾರಿಯಾದ್ದರಿಂದ ಅದರ ಸ್ಥಾನದಲ್ಲಿ ತಾಮ್ರವನ್ನು ತರುವ ಯತ್ನವೂ ನಡೆದಿದೆ. ತಾಮ್ರವು ಸಿಲಿಕಾನಿನೊಳಗೆ ಹರಡಿ ಅದನ್ನು ಹಾಳುಮಾಡುವ ಸ್ವಭಾವದ್ದು. ಆದುದರಿಂದ ನಡುವೆ ನಿಕ್ಕಲಿನ ತೆಳುಪದರವನ್ನಿಡುವುದುಂಟು.

ಇದರಿಂದ ಸಿದ್ಧವಾಗುವುದೇನೆಂದರೆ, ಇಲ್ಲಿ ಮುಟ್ಟುವಿಕೆಯೊಂದೇ ಸಾಲದು. ತರ್ಕಶಾಸ್ತ್ರದಲ್ಲಿ ಸ್ಪರ್ಶವು ತ್ವಗಿಂದ್ರಿಯಕ್ಕೆ ಮಾತ್ರ ಗೋಚರವಾದ ಗುಣ. ಬೇರೆ ಬೇರೆಯಾಗಿದ್ದ ದ್ರವ್ಯಗಳು ಕೂಡುವುದು ಸಂಯೋಗ. 'ಸಂಧಿ' ಎಂಬುದನ್ನು ಸಿಲಿಕಾನಿನೊಳಗಿನ ಎರಡು ಬಗೆಯ ಪದರಗಳು ಸೇರುವೆಡೆಗೆ ಮೀಸಲಿಡುವುದು ಯುಕ್ತ. ಆದುದರಿಂದ 'ಲೋಹಸಂಯೋಗ'ವೆಂಬ ಪದವು ಇಲ್ಲಿ ಹೆಚ್ಚು ಸಮಂಜಸವೆಂದು ತೋರುವುದು. ಸ್ಪರ್ಶವೆಂದು ಕಲಿತ ವಿದ್ಯಾರ್ಥಿಯು ಸುಡುವ ಕ್ರಿಯೆ ಏಕೆ ಬೇಕೆಂಬುದನ್ನು ಅರಿಯಲಾರನು. ವಿದ್ವಾಂಸರು ಇದನ್ನು ಪರಾಮರ್ಶಿಸಬೇಕು.