ಮೆದುಳಿನ ರಕ್ತನಾಳದ ಗೋಜಲು: ‘ಗ್ರೇಡ್’ ಹೇಳುವುದೇನು?

ಚಂದಾಪುರ: ವೈದ್ಯಕೀಯ ವರದಿಯಲ್ಲಿ ‘ಮೆದುಳಿನ ಎವಿಎಂ, ಗ್ರೇಡ್ 4’ ಎಂಬ ಸಾಲು ಕಂಡೊಡನೆ ಕ್ಯಾನ್ಸರಿನ ನಾಲ್ಕನೇ ಹಂತವನ್ನು ನೆನೆದು ಮನೆಮಂದಿ ಕಂಗಾಲಾಗುವುದುಂಟು. ಆದರೆ ಈ ಅಂಕಿ ರೋಗದ ಹಂತವನ್ನು ಸೂಚಿಸುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಎದುರಾಗಬಹುದಾದ ಅಪಾಯವನ್ನಷ್ಟೇ ಅಳೆಯುತ್ತದೆ.

ಅಪಧಮನಿಯಿಂದ ಬರುವ ರಕ್ತ ಸೂಕ್ಷ್ಮ ಲೋಮನಾಳಗಳ ಮೂಲಕ ಹಾದು, ಒತ್ತಡ ತಗ್ಗಿದ ಬಳಿಕ ಅಭಿಧಮನಿ ಸೇರುವುದು ಸಹಜ ಕ್ರಮ. ಎವಿಎಂನಲ್ಲಿ ನಡುವಿನ ಲೋಮನಾಳಗಳೇ ಇರುವುದಿಲ್ಲ. ಗೋಜಲಾದ ನಾಳಗಳ ಮೂಲಕ ರಕ್ತ ರಭಸದಿಂದ ನುಗ್ಗುವುದರಿಂದ ಅವು ಒಡೆದು ರಕ್ತಸ್ರಾವವಾಗಬಹುದು. ಕೆಲವರಲ್ಲಿ ಫಿಟ್ಸ್ ಇಲ್ಲವೇ ತಲೆನೋವೇ ಮೊದಲ ಸೂಚನೆ.

ಅಮೆರಿಕದ ವೈದ್ಯರಾದ ರಾಬರ್ಟ್ ಸ್ಪೆಟ್ಜ್ಲರ್ ಮತ್ತು ನೀಲ್ ಮಾರ್ಟಿನ್ 1986ರಲ್ಲಿ ಪ್ರಕಟಿಸಿದ ಶ್ರೇಣೀಕರಣವೇ ಇಂದಿಗೂ ಬಳಕೆಯಲ್ಲಿದೆ. ಗೋಜಲಿನ ಗಾತ್ರ 3 ಸೆಂ.ಮೀ.ಗಿಂತ ಕಡಿಮೆಯಿದ್ದರೆ 1, 3ರಿಂದ 6 ಸೆಂ.ಮೀ. ಇದ್ದರೆ 2, ಅದಕ್ಕೂ ದೊಡ್ಡದಾದರೆ 3 ಅಂಕ. ಮಾತು, ಚಲನೆ, ದೃಷ್ಟಿಯಂಥ ಮುಖ್ಯ ಕಾರ್ಯಗಳ ಭಾಗದಲ್ಲಿದ್ದರೆ 1, ರಕ್ತವು ಮೆದುಳಿನ ಆಳದ ಅಭಿಧಮನಿಗೆ ಹರಿಯುತ್ತಿದ್ದರೆ ಮತ್ತೊಂದು ಅಂಕ. ಒಟ್ಟು ಮೊತ್ತವೇ ಗ್ರೇಡ್. ಮಾತಿನ ಕೇಂದ್ರದಲ್ಲಿರುವ 4 ಸೆಂ.ಮೀ. ಗೋಜಲು ಆಳದ ನಾಳಕ್ಕೆ ಹರಿದರೆ ಅದು ಗ್ರೇಡ್ 4.

ಅವರ ಮೂಲ ಅಧ್ಯಯನದ 100 ರೋಗಿಗಳಲ್ಲಿ ಗ್ರೇಡ್ 1ರ ಯಾರಿಗೂ ಶಸ್ತ್ರಚಿಕಿತ್ಸೆಯಿಂದ ನರಸಂಬಂಧಿ ಊನ ಉಂಟಾಗಿರಲಿಲ್ಲ. ಗ್ರೇಡ್ 5ರಲ್ಲಿ ಸಣ್ಣ, ದೊಡ್ಡ ತೊಂದರೆಗಳೆಲ್ಲ ಸೇರಿ ಈ ಪ್ರಮಾಣ ಶೇ 31ರಷ್ಟಿತ್ತು. ಆದ್ದರಿಂದಲೇ 1, 2ನೇ ಗ್ರೇಡಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಸೂಕ್ತವೆನ್ನುವ ವೈದ್ಯರು, 4 ಮತ್ತು 5ರಲ್ಲಿ ಹಲವು ಬಾರಿ ನಿಗಾ ಇಡುವುದೇ ಲೇಸೆನ್ನುತ್ತಾರೆ. 3ನೇ ಗ್ರೇಡಿನಲ್ಲಿ ಪ್ರತಿ ರೋಗಿಯದೂ ಪ್ರತ್ಯೇಕ ತೀರ್ಮಾನ.

ರಕ್ತಸ್ರಾವದ ಸಾಧ್ಯತೆ ಬೇರೆಯೇ ಲೆಕ್ಕ. ಅದು ಸರಾಸರಿ ವರ್ಷಕ್ಕೆ ಶೇ 2ರಿಂದ 4. ಒಮ್ಮೆ ಒಡೆದಿದ್ದರೆ ಇನ್ನೂ ಹೆಚ್ಚು. ಹೀಗಾಗಿ ಕಡಿಮೆ ಗ್ರೇಡ್ ಎಂದು ಉದಾಸೀನ ಸಲ್ಲದು. 2010ರಲ್ಲಿ ಮೈಕೆಲ್ ಲಾಟನ್ ತಂಡ ವಯಸ್ಸು, ಹಿಂದಿನ ರಕ್ತಸ್ರಾವ, ಗೋಜಲಿನ ಸಾಂದ್ರತೆಗಳನ್ನೂ ಪರಿಗಣಿಸುವ ಪೂರಕ ಅಂಕಗಳನ್ನು ಸೂಚಿಸಿತು.

ಆಯ್ದ ರೋಗಿಗಳಿಗೆ ವಿಕಿರಣ ನೀಡುವ ಗಾಮಾ ನೈಫ್ ಪರ್ಯಾಯವಾಗಬಲ್ಲದು. ಆದರೆ ನಾಳ ಮುಚ್ಚಲು ಎರಡು-ಮೂರು ವರ್ಷ ಬೇಕು. ಅಲ್ಲಿಯವರೆಗೆ ರಕ್ತಸ್ರಾವದ ಅಪಾಯ ಉಳಿದೇ ಇರುತ್ತದೆ. ಚಂದಾಪುರದವರಿಗೆ ಹೊಸೂರು ರಸ್ತೆಯಲ್ಲೇ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ, ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಸೌಲಭ್ಯವೂ ಉಂಟು.

ವೈದ್ಯರನ್ನು ‘ಗ್ರೇಡ್ ಎಷ್ಟು’ ಎಂದಷ್ಟೇ ಕೇಳಿದರೆ ಸಾಲದು. ‘ಚಿಕಿತ್ಸೆಯ ಅಪಾಯವೆಷ್ಟು, ಹಾಗೆಯೇ ಬಿಟ್ಟರೆ ಅಪಾಯವೆಷ್ಟು’ ಎಂದೂ ಕೇಳಬೇಕು. ಹಠಾತ್ ತೀವ್ರ ತಲೆನೋವು, ಫಿಟ್ಸ್ ಅಥವಾ ಕೈಕಾಲಿನ ಬಲಹೀನತೆ ಕಂಡರೆ ಮಾತ್ರ ಯಾವ ಲೆಕ್ಕಕ್ಕೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.